ನೂಲಿನ ತೂಕ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಆಲ್ಟರೇಷನ್ ಅಕ್ಕ ಅಂತಲೇ ಕರೆಯುತ್ತಿದ್ದರು. ಹೊಸ ಬಟ್ಟೆ ಅವಳು ಹೊಲಿಯುತ್ತಿರಲಿಲ್ಲ. ದೊಡ್ಡದನ್ನು ಚಿಕ್ಕದು ಮಾಡುವುದು, ಚಿಕ್ಕದನ್ನು ಆದಷ್ಟು ಬಿಚ್ಚಿ ದೊಡ್ಡದು ಮಾಡುವುದು, ಜಿಪ್ ಬದಲಿಸುವುದು, ಕೋಟಿನ ಒಳಬಟ್ಟೆ ಹರಿದರೆ ಬೇರೆ ಹಾಕುವುದು, ಇಷ್ಟೇ ಅವಳ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ರಸ್ತೆಗೆ ತೆರೆಯುವ ಅಗಲವಾದ ಕಿಟಕಿ, ಕಿಟಕಿಗೆ ತಾಗಿ ಮೆಷಿನ್ನು, ಗೋಡೆಗೆ ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಪರದೆ ಇಳಿಬಿಟ್ಟು ಮಾಡಿದ ಬಟ್ಟೆ ಬದಲಿಸುವ ಜಾಗ. ಅಳತೆ ಟೇಪು ಕೊರಳಲ್ಲಿ ನೇತಾಡುತ್ತಿತ್ತೇ ಹೊರತು ಅದಕ್ಕೆ ಹೆಚ್ಚು ಕೆಲಸವಿರಲಿಲ್ಲ. ಗಿರಾಕಿ ಹೊಸಿಲು ದಾಟುವಷ್ಟರಲ್ಲಿ ಅವನ ಸೊಂಟ ಎಷ್ಟು ಅಂತ ಅವಳಿಗೆ ಗೊತ್ತಾಗಿಬಿಡುತ್ತಿತ್ತು. "ಹೋದ ಸಲಕ್ಕಿಂತ ಒಂದು ಇಂಚು ಮುಂದೆ ಬಂದಿದೀರಲ್ಲ ಸಾರ್" ಅಂದರೆ ಗಿರಾಕಿ ನಾಚಿಕೊಂಡು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದ.

ಅಂಗಡಿ ತೆರೆಯುವ ಹೊತ್ತಿಗೆ ಅವಳಿಗೆ ಐವತ್ತು ದಾಟಿತ್ತು. ಅದಕ್ಕೆ ಮುಂಚಿನ ವರ್ಷಗಳನ್ನೆಲ್ಲ ಹಾಸಿಗೆ ಹಿಡಿದ ಅತ್ತೆ ತಿಂದುಹಾಕಿದ್ದರು. ಎತ್ತಿ ಕೂರಿಸುವುದು, ಮಗ್ಗುಲು ತಿರುಗಿಸುವುದು, ತುತ್ತು ತುತ್ತಾಗಿ ಉಣ್ಣಿಸುವುದು, ಬಟ್ಟೆ ಒಗೆಯುವುದು. ಅತ್ತೆ ಒಳ್ಳೆಯವರೇ. ಆದರೆ ಕಾಯಿಲೆಗೆ ಒಳ್ಳೆಯವರು ಕೆಟ್ಟವರು ಅಂತಿಲ್ಲವಲ್ಲ. ಅವರು ತೀರಿಕೊಂಡ ಮೇಲೆ ಒಂದು ದಿನ ಗಂಡ ತಾನೇ ಅಟ್ಟದ ಮೇಲಿಂದ ಮೆಷಿನ್ ಇಳಿಸಿ, ಎಣ್ಣೆ ಬಿಟ್ಟು, ಮುಂದಿನ ಕೋಣೆಗೆ ತಂದಿಟ್ಟ. "ಇಷ್ಟು ವರ್ಷ ನಿಂತೇ ಇದ್ದೆ. ಇನ್ನು ಕೂತ್ಕೊಂಡು ಮಾಡೋ ಕೆಲಸ ಮಾಡು" ಅಂದ.

ಗಂಡ ಕರೆಂಟ್ ಮೀಟರ್ ಓದುವ ಕೆಲಸದಲ್ಲಿದ್ದವನು. ಬೀದಿಗೆಲ್ಲ ಮೀಟರಣ್ಣ. ಯಾರ ಮನೆಯ ಮೆಟ್ಟಿಲ ಕೆಳಗೆ ಏನು ತುಂಬಿಟ್ಟಿದ್ದಾರೆ, ಯಾರ ನಾಯಿ ಬೊಗಳುತ್ತದೆ, ಯಾರ ನಾಯಿ ಬೊಗಳದೆಯೇ ಕಚ್ಚುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ತಾವಾಗಿಯೇ ಲೆಕ್ಕ ಕಳಿಸುವ ಹೊಸ ಮೀಟರುಗಳು ಬಂದ ಮೇಲೆ ಅವನನ್ನು ಅವಧಿಗೆ ಮುಂಚೆಯೇ ಮನೆಗೆ ಕಳಿಸಿದರು. ಕೆಲಸದ ಕೊನೆಯ ವಾರ, ಒಂದು ಹಳೆಯ ಕಟ್ಟಡದ ಮೀಟರ್ ಪೆಟ್ಟಿಗೆಯೊಳಗೆ ಬೆಕ್ಕಿನ ಮರಿಯೊಂದು ಸಿಕ್ಕಿತು. ಬೂದು ಬಣ್ಣ, ಕೈಯಲ್ಲಿ ಹಿಡಿದರೆ ಹಿಡಿದದ್ದೇ ಗೊತ್ತಾಗದಷ್ಟು ಹಗುರ. ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದ.

"ಇದೇನ್ರೀ, ನೂಲಿನ ಎಳೆ ಇದ್ದಂಗಿದೆ" ಅಂದಳು ಅವಳು.

"ಹಂಗಾದ್ರೆ ನೂಲು ಅಂತಲೇ ಕರೆಯೋಣ."

ಮಕ್ಕಳಿಲ್ಲದ ಮನೆ. ನೂಲು ಮಗಳಾದಳು. ಅಂಗಡಿಯಲ್ಲಿ ಅವಳು ಮೆಷಿನ್ ತುಳಿಯುತ್ತಿದ್ದರೆ ಒಳಗೆ ಗಂಡ ಅಡುಗೆ ಮಾಡುತ್ತಿದ್ದ. ಮಧ್ಯಾಹ್ನ ಆಫೀಸಿನವರು ಊಟದ ಬಿಡುವಿನಲ್ಲಿ ಬಟ್ಟೆ ಒಯ್ಯಲು ಬರುವ ಹೊತ್ತಾದ್ದರಿಂದ ಅವಳಿಗೆ ಒಳಗೆ ಹೋಗಿ ಕೂರಲು ಆಗುತ್ತಿರಲಿಲ್ಲ. ಗಂಡ ತಟ್ಟೆಯನ್ನು ಅಂಗಡಿಗೇ ತಂದುಕೊಟ್ಟು, ತಾನು ಅಡುಗೆಮನೆಯ ಟೇಬಲ್ಲಿನಲ್ಲಿ ಉಣ್ಣುತ್ತಿದ್ದ. ಅವನ ಕಾಲ ಬಳಿ ನೂಲು.

ನೂಲು ಯಾವಾಗ ದಪ್ಪಗಾದಳು ಅಂತ ಕೇಳಿದರೆ ಹೇಳುವುದು ಕಷ್ಟ. ಮೊದಲು ಮುದ್ದಾದಳು, ಆಮೇಲೆ ಗುಂಡಗಾದಳು. ಐದನೇ ವರ್ಷದ ಹೊತ್ತಿಗೆ, ಬಟ್ಟೆ ಕತ್ತರಿಸುವ ಮೇಜಿಗೆ ಹಾರಲು ಹೋಗಿ ಅರ್ಧಕ್ಕೇ ಜಾರಿ, ಯಾರೂ ನೋಡಲಿಲ್ಲವೆಂಬಂತೆ ಪಾದ ನೆಕ್ಕುತ್ತ ಕೂರತೊಡಗಿದಳು. ನಡೆದರೆ ಹೊಟ್ಟೆ ಆ ಕಡೆ ಈ ಕಡೆ ತೂಗುತ್ತಿತ್ತು. "ಏನಕ್ಕಾ, ನೂಲು ಹೋಗಿ ಹಗ್ಗ ಆಯ್ತಲ್ಲ" ಅಂತ ಗಿರಾಕಿಗಳು ನಗುತ್ತಿದ್ದರು. ಬೆನ್ನಿನ ಹಿಂಭಾಗಕ್ಕೆ ನಾಲಿಗೆ ಎಟುಕದೆ ಅಲ್ಲಿಯ ಕೂದಲು ಗಂಟುಗಟ್ಟಿದಾಗ ಮಾತ್ರ ಅಕ್ಕನಿಗೆ ನಗು ಬರಲಿಲ್ಲ. ಗಂಡಹೆಂಡತಿ ಇಬ್ಬರೂ ಬುಟ್ಟಿಯಲ್ಲಿಟ್ಟುಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಹೋದರು.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ತಕ್ಕಡಿಯ ಮೇಲೆ ನೂಲನ್ನು ಕೂರಿಸಿ ತಲೆಯಾಡಿಸಿದಳು. "ನಾಲ್ಕೂವರೆ ಕೆಜಿ ಇರಬೇಕಾದ್ದು ಏಳು ದಾಟಿದೆ ಆಂಟಿ. ಹಿಂಗೇ ಬಿಟ್ಟರೆ ಸಕ್ಕರೆ ಕಾಯಿಲೆ ಬರುತ್ತೆ, ಕೀಲು ಹೋಗುತ್ತೆ. ಒಂದೇ ಸಲ ಉಪವಾಸ ಕೆಡವಬೇಡಿ. ಅಳೆದು ಹಾಕಿ, ಓಡಾಡಿಸಿ. ಮನೆಯವರ ತಟ್ಟೆಯಿಂದ ಒಂದು ತುಣುಕೂ ಬೀಳಬಾರದು."

"ಅದನ್ನ ನಾನು ನೋಡ್ಕೋತೀನಿ ಡಾಕ್ಟ್ರೇ" ಅಂದವನು ಗಂಡನೇ.

ಅವತ್ತಿನಿಂದ ಮನೆಯಲ್ಲಿ ಶಿಸ್ತು ಶುರುವಾಯಿತು. ಕಾಳಿನಂಥ ಬೆಕ್ಕಿನ ಒಣ ಆಹಾರವನ್ನು ಅಕ್ಕ ಬೆಳಿಗ್ಗೆ, ಸಂಜೆ ಪುಟ್ಟ ತಕ್ಕಡಿಯಲ್ಲಿ ತೂಗಿ ಹಾಕುವಳು. ದಾರಕ್ಕೆ ದೊಡ್ಡ ಗುಂಡಿಯೊಂದನ್ನು ಕಟ್ಟಿ ನೆಲದ ಮೇಲೆ ಎಳೆದಾಡುವಳು. ನೂಲು ಮಲಗಿದಲ್ಲಿಂದಲೇ ಒಂದು ಕೈ ಚಾಚಿ, ಗುಂಡಿ ತಾನಾಗಿ ಬಂದರೆ ಹಿಡಿಯುತ್ತೇನೆ ಎಂಬಂತೆ ನೋಡುವಳು. ಖಾಲಿ ಬಟ್ಟಲ ಮುಂದೆ ಕೂತು ಕೂಗಿದಾಗ ಅಕ್ಕನ ಕರುಳು ಕಿತ್ತುಬರುತ್ತಿತ್ತು. ಆದರೂ ಕರಗಲಿಲ್ಲ. "ನಿನ್ನ ಒಳ್ಳೇದಕ್ಕೇ ಕಣೇ ಪುಟ್ಟಿ" ಅಂತ ಮುಖ ತಿರುಗಿಸಿಕೊಂಡು ಮೆಷಿನ್ ತುಳಿಯುತ್ತಿದ್ದಳು.

ತಿಂಗಳು ಕಳೆದು ತೂಗಿಸಿದರೆ ತೂಕ ಇಳಿಯುವುದಿರಲಿ, ಏರಿತ್ತು. ಇನ್ನೊಂದು ತಿಂಗಳು ಬಿಟ್ಟು ನೋಡಿದರೆ ಮತ್ತೂ ಏರಿತ್ತು.

"ಯಾರೋ ತಿನ್ನಿಸ್ತಾ ಇದಾರೆ ಆಂಟಿ" ಅಂದಳು ಡಾಕ್ಟರ್. "ಗಾಳಿ ಕುಡಿದು ಯಾವ ಬೆಕ್ಕೂ ದಪ್ಪ ಆಗಲ್ಲ."

ಅಕ್ಕನ ತಲೆಗೆ ಅನುಮಾನದ ಹುಳ ಹೊಕ್ಕಿತು. ಎದುರಿನ ಬೇಕರಿಯವನನ್ನು ಕೇಳಿದಳು. ಅವನು ಕೈ ಮುಗಿದ. ಉಳಿದದ್ದು ಮೇಲಿನ ಮನೆಯ ಟೀಚರ್. ರಿಟೈರಾಗಿ ಒಬ್ಬರೇ ಇದ್ದ ಹೆಂಗಸು, ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನೂಲನ್ನು ಮಾತಾಡಿಸುತ್ತಿದ್ದರು. ಒಂದು ಬೆಳಿಗ್ಗೆ ನೂಲು ಅವರ ಬಾಗಿಲಿಂದ ಇಳಿದು ಬಂದದ್ದನ್ನು ಕಂಡದ್ದೇ ತಡ, ಆಲ್ಟರೇಷನ್ ಅಕ್ಕ ಮೆಟ್ಟಿಲ ಕೆಳಗೆ ನಿಂತು ದನಿಯೆತ್ತಿದಳು.

"ಟೀಚರ್, ನೀವು ಓದಿದವರು. ಪ್ರೀತಿ ಇದ್ರೆ ತಲೆ ಸವರಿ. ಹಿಂಗೆ ತಿನ್ನಿಸಿ ತಿನ್ನಿಸಿ ಕೊಲ್ಲಬೇಡಿ!"

"ನಾನು ನೀರು ಕೂಡ ಇಟ್ಟಿಲ್ಲ ಕಣಮ್ಮ. ಬಂತು, ಬಿಸಿಲಲ್ಲಿ ಮಲಗಿತು, ಹೋಯ್ತು."

"ಹಂಗಾದ್ರೆ ಇದು ಯಾರ ಮನೆ ಉಂಡು ಹಿಂಗಾಗಿದೆ?"

ಮಾತಿಗೆ ಮಾತು ಬೆಳೆಯಿತು. ಟೀಚರ್ ಕಣ್ಣಲ್ಲಿ ನೀರು ತಂದುಕೊಂಡು ಬಾಗಿಲು ಹಾಕಿಕೊಂಡರು. ಗಂಡ ಅಂಗಡಿಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ. ಮುಖ ಬಿಳಿಚಿಕೊಂಡಿತ್ತು. "ಬಿಡೇ, ಸಾಕು. ಅವರಿಗ್ಯಾಕೆ ಬೈತೀಯ" ಅಂದು ಒಳಗೆ ಹೋದ. ಸಂಜೆ ಅವಳು ಕೆಂಪು ಪಟ್ಟಿಯೊಂದರ ಮೇಲೆ "ನನಗೆ ಯಾರೂ ಏನೂ ಕೊಡಬೇಡಿ" ಅಂತ ಹೊಲಿದು ನೂಲಿನ ಕೊರಳಿಗೆ ಕಟ್ಟಿದಳು. ಗಂಡ ಅದನ್ನು ಓದಿ ನಗಲು ಹೋಗಿ ಕೆಮ್ಮಿದ. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಅವನು ಹಲ್ಲು ನೋವು ಅನ್ನುತ್ತ ಬಹಳ ದಿನಗಳಾಗಿದ್ದವು. ರಾತ್ರಿಯೂಟಕ್ಕೆ ಗಂಜಿ, ಸಾರು, ಹಾಲಲ್ಲಿ ನೆನೆಸಿದ ಬ್ರೆಡ್ಡು. ಮಧ್ಯಾಹ್ನ ಮಾತ್ರ ಚೆನ್ನಾಗಿ ಉಂಡೆ ಅನ್ನುತ್ತಿದ್ದ, ತಟ್ಟೆಯೂ ತೊಳೆದಿಟ್ಟಷ್ಟು ಖಾಲಿ ಇರುತ್ತಿತ್ತು. ಚಳಿಯ ದಿನಗಳು, ಮೈಮೇಲೆ ಸದಾ ದೊಗಲೆ ಸ್ವೆಟರು. ಬೀದಿಯವರ ಇಂಚು ಲೆಕ್ಕ ಇಟ್ಟವಳು ಗಂಡನ ಕಡೆ ಅಳೆಯುವ ಕಣ್ಣಿನಿಂದ ನೋಡಿರಲೇ ಇಲ್ಲ. ಅವಳ ಕಣ್ಣೆಲ್ಲ ಬೆಕ್ಕಿನ ಹೊಟ್ಟೆಯ ಮೇಲಿತ್ತು.

ಒಂದು ದಿನ ಬೆಳಿಗ್ಗೆ ಬಿಳಿ ಪರದೆಯೊಂದಕ್ಕೆ ಹೊಲಿಗೆ ಹಾಕಲು ಕೂತರೆ ಕೆಳಗಿನಿಂದ ಕಪ್ಪು ದಾರ ಬಂತು. ಹಿಂದಿನ ದಿನ ತಾನೇ ಬಿಳಿ ದಾರ ಸುತ್ತಿಟ್ಟಿದ್ದಳು. ಅವಳ ಮೆಷಿನ್ನನ್ನು ಬೇರೆಯವರು ಮುಟ್ಟುವುದಿಲ್ಲ. ಏನೋ ಮರೆತಿರಬೇಕು ಅಂದುಕೊಂಡು ದಾರ ಬದಲಿಸಿದಳು. ಮಧ್ಯಾಹ್ನ ಗಿರಾಕಿಗಳಿಲ್ಲದ್ದು ನೋಡಿ, ಒಣಗಿದ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದಾಗ ಗಂಡನ ಕಪ್ಪು ಪ್ಯಾಂಟು ಕೈಗೆ ಬಂತು. ಸೊಂಟದ ಹಿಂದೆ, ಎರಡೂ ಪಕ್ಕದಲ್ಲಿ, ಅಂಕುಡೊಂಕಾದ ಹೊಲಿಗೆ. ದಾರ ಎಳೆದುಕೊಂಡು ಬಟ್ಟೆ ಸುಕ್ಕಾಗಿತ್ತು. ಒಂದು ಹೊಲಿಗೆಯ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಮೂರು ಸಲ ಸೊಂಟ ಹಿಡಿದು ಚಿಕ್ಕದು ಮಾಡಿದ್ದ. ಬೆರಳಲ್ಲಿ ಅಳೆದು ನೋಡಿದಳು.

ಪ್ಯಾಂಟು ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. ಗಂಡ ಟೇಬಲ್ಲಿಗೆ ಕೂತಿದ್ದ. ಮುಂದೆ ತಟ್ಟೆ ತುಂಬ ಅನ್ನ, ಮೀನು. ಮುಳ್ಳು ಬಿಡಿಸಿ, ಒಂದೊಂದೇ ತುಣುಕು ಹಿಸುಕಿ, ಎಡಗೈಯನ್ನು ಟೇಬಲ್ಲಿನ ಕೆಳಗೆ ಇಳಿಬಿಡುತ್ತಿದ್ದ. ಕೆಳಗೆ ನೂಲು, ಕೊರಳಲ್ಲಿ ಕೆಂಪು ಪಟ್ಟಿ.

"ಏನ್ರೀ ಇದು?"

ಅವನು ಬೆಚ್ಚಿದ. "ಪಾಪ, ಹಸ್ಕೊಂಡಿತ್ತು ಕಣೇ. ಕೂಗ್ತಿತ್ತು. ಅದಕ್ಕೇ ಒಂದು ಚೂರು..."

ಅವಳು ಪ್ಯಾಂಟನ್ನು ಟೇಬಲ್ಲಿನ ಮೇಲೆ ಹರಡಿದಳು. ಹೊಲಿಗೆಯ ಮೇಲೆ ಬೆರಳಿಟ್ಟಳು. ಅವನು ಎಡಗೈಯನ್ನು ಮೇಲಕ್ಕೆ ತಂದು ತಟ್ಟೆಯ ಪಕ್ಕದಲ್ಲಿಟ್ಟ.

"ಹೊಲಿಗೆ ಚೆನ್ನಾಗಿ ಬರಲಿಲ್ಲ" ಅಂದ.

"ರೀ..."

"ನುಂಗಕ್ಕಾಗ್ತಿಲ್ಲ ಕಣೇ. ಎದೆ ಹತ್ರ ಬಂದು ನಿಂತುಬಿಡುತ್ತೆ. ಮೊದಮೊದಲು ಅನ್ನ ನಿಲ್ತಿತ್ತು. ಈಗ ಗಂಜೀನೂ."

"ಯಾವಾಗಿಂದ?"

"ಬೇಸಿಗೆಯಿಂದ."

"ನನಗೆ ಒಂದು ಮಾತು ಹೇಳಬಾರದಿತ್ತಾ? ಇಷ್ಟು ದಿನ... ಅಯ್ಯೋ, ನಾನು ಬೆಕ್ಕಿಗೆ ತೂಗಿ ತೂಗಿ ಹಾಕ್ತಾ ಕೂತಿದ್ನಲ್ರೀ!"

ಅವನು ಅವಳ ಕೈ ಹಿಡಿದುಕೊಂಡ. ಮೀನಿನ ಜಿಡ್ಡು ಹತ್ತಿದ ಕೈ. "ನೀನು ಈಗ ತಾನೇ ಕೂತಿದೀಯ. ಅಮ್ಮನಿಗೆ ಮಾಡಿ ಮಾಡಿ ಸೊಂಟ ಬಿದ್ದುಹೋಗಿತ್ತು ನಿಂದು. ಮತ್ತೆ ಹೆಂಗೆ ಎಬ್ಬಿಸೋದು? ಹೇಳಿದ್ರೆ ಅವತ್ತೇ ನೀನು ಅಂಗಡಿ ಮುಚ್ತಿದ್ದೆ. ತಾನಾಗೇ ಹೋಗುತ್ತೇನೋ ನೋಡೋಣ ಅಂತ... ಆಮೇಲೆ ಹೆದರಿಕೆ ಆಯ್ತು. ಆಮೇಲೆ ಹೇಳೋಕೇ ಆಗಲಿಲ್ಲ."

ಆಸ್ಪತ್ರೆಯಲ್ಲಿ ಅನ್ನನಾಳದ ಗಡ್ಡೆ ಅಂದರು. ಮೊದಲೇ ಬಂದಿದ್ದರೆ, ಅಂತ ಶುರು ಮಾಡಿದ ಡಾಕ್ಟರು ಅವಳ ಮುಖ ನೋಡಿ ಮಾತು ನುಂಗಿಕೊಂಡರು. ಕತ್ತರಿಸಿ ತೆಗೆಯುವ ಹಂತ ದಾಟಿತ್ತು. ಹೊಟ್ಟೆಗೇ ಒಂದು ಟ್ಯೂಬ್ ಇಟ್ಟು, ಅದರಲ್ಲಿ ನೀರಾಗಿಸಿದ ಊಟ ಹಾಕುವುದನ್ನು ಕಲಿಸಿಕೊಟ್ಟು ಮನೆಗೆ ಕಳಿಸಿದರು.

ಮಾರನೆಯ ದಿನ ಅವಳು ಮೆಟ್ಟಿಲು ಹತ್ತಿ ಟೀಚರ ಬಾಗಿಲು ತಟ್ಟಿದಳು. ಕ್ಷಮಿಸಿ ಅನ್ನಲೆಂದೇ ಹೋಗಿದ್ದಳು. "ತಿನ್ನಿಸ್ತಿದ್ದದ್ದು ನಮ್ಮನೆಯವರು ಟೀಚರ್" ಅಂದವಳೇ ಬಾಗಿಲ ಚೌಕಟ್ಟಿಗೆ ಹಣೆಯೊತ್ತಿ ಅತ್ತಳು. ಟೀಚರಿಗೆ ಎಷ್ಟು ಅರ್ಥವಾಯಿತೋ ಏನೋ. ಒಳಗೆ ಕರೆದು ಕೂರಿಸಿ ನೀರು ಕೊಟ್ಟರು. ಎಲ್ಲ ಕೇಳಿದ ಮೇಲೆ, "ಅಂಗಡಿ ಮುಚ್ಚಬೇಡ. ಅವರಿಗೆ ಅದು ಇನ್ನೂ ಕಷ್ಟ. ನೀನು ಆಸ್ಪತ್ರೆಗೆ ಹೋದ ದಿನ ನಾನು ಕೂತು ಬಟ್ಟೆ ಇಸ್ಕೊಂಡಿರ್ತೀನಿ" ಅಂದರು. ಹಾಗೆಯೇ ಮಾಡಿದರು ಕೂಡ.

ಗಂಡನ ಮಂಚವನ್ನು ಅಂಗಡಿಯ ಕೋಣೆಗೇ ತಂದು ಹಾಕಿಸಿದಳು. ಬೀದಿ ಕಾಣಲಿ ಅಂತ. ಹೋಗಿಬರುವವರು ಕಿಟಕಿಯಲ್ಲಿ ಮುಖವಿಟ್ಟು "ಹೇಗಿದೀರಾ ಮೀಟರಣ್ಣ" ಅಂದರೆ, "ಓಡ್ತಾ ಇದೆ, ನಿಧಾನವಾಗಿ" ಅನ್ನುತ್ತಿದ್ದ. ಅವಳು ಅಳತೆಯ ಲೋಟದಲ್ಲಿ ಊಟ ತಂದು ಟ್ಯೂಬಿಗೆ ಸುರಿಯುವಾಗ ಕೆಳಗೆ ನೂಲಿನ ಬಟ್ಟಲಿನಲ್ಲಿ ತೂಗಿ ಹಾಕಿದ ಕಾಳು. "ಈಗ ಇಬ್ಬರಿಗೂ ಡಯಟ್ಟು" ಅಂತ ನಗುತ್ತಿದ್ದ. ನೂಲು ಮಂಚದ ಕೆಳಗೆ ಕೂತು ಕಾಯುತ್ತಿದ್ದಳು. ಇಳಿಬಿದ್ದ ಅವನ ಕೈಯನ್ನು ಮೂಸುವಳು, ಪಾದದಿಂದ ಒಮ್ಮೆ ತಟ್ಟುವಳು. ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಅವನು ಮಲಗಿದಲ್ಲಿಂದಲೇ ಗುಂಡಿ ಕಟ್ಟಿದ ದಾರ ಎಳೆದಾಡುತ್ತಿದ್ದ. ಅವನು ಎಳೆದರೆ ಮಾತ್ರ ನೂಲು ಎದ್ದು ಓಡುತ್ತಿದ್ದಳು. ಕೈ ಸೋತರೂ ಬಿಡುತ್ತಿರಲಿಲ್ಲ. "ಏರಿಸಿದವನು ನಾನು, ಇಳಿಸೋದೂ ನಾನೇ" ಅನ್ನುತ್ತಿದ್ದ. ಬೇಸಿಗೆ ಹತ್ತಿರವಾಗುವ ಹೊತ್ತಿಗೆ ಬೆಕ್ಕು ಆರು ಕೆಜಿಗೆ ಇಳಿದಿತ್ತು. ಅವನ ತೂಕ ನೋಡುವುದನ್ನೇ ಅವಳು ಬಿಟ್ಟಿದ್ದಳು. ಎತ್ತಿ ಕೂರಿಸುವಾಗ ಅವಳ ತೋಳಿಗೆ ಗೊತ್ತಾಗುತ್ತಿತ್ತು.

ಒಂದು ಬೆಳಿಗ್ಗೆ ಟ್ಯೂಬಿನ ಲೋಟ ತೊಳೆದುಕೊಂಡು ಬರುವಷ್ಟರಲ್ಲಿ ಅವನು ಹೋಗಿದ್ದ. ಹೊರಗೆ ಬೇಕರಿಯವನು ಶಟರ್ ಎತ್ತುತ್ತಿದ್ದ. ಅವಳು ಲೋಟ ಕೆಳಗಿಟ್ಟು, ಅವನ ಸ್ವೆಟರನ್ನು ಕೆಳಕ್ಕೆಳೆದು ಹೊಟ್ಟೆ ಮುಚ್ಚಿದಳು. ಚಳಿಯಾಗಬಾರದು ಅನ್ನಿಸಿತ್ತು.

ಜನ ಬಂದು ಹೋದರು. ಮನೆ ಖಾಲಿಯಾಯಿತು. ಆಮೇಲೆ ನೋಡಿದರೆ ನೂಲಿನ ಬಟ್ಟಲಲ್ಲಿ ಹಾಕಿದ ಕಾಳು ಹಾಕಿದಂತೆಯೇ ಇತ್ತು. ಮರುದಿನವೂ ಹಾಗೆಯೇ. ಮಂಚ ಇದ್ದ ಜಾಗದಲ್ಲಿ ನೂಲು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಡಾಕ್ಟರ್ ಹುಡುಗಿ ಗಾಬರಿಯಾದಳು. "ದಪ್ಪ ಇರೋ ಬೆಕ್ಕು ಹಿಂಗೆ ಊಟ ಬಿಟ್ಟರೆ ಲಿವರ್ ಕೆಟ್ಟುಹೋಗುತ್ತೆ ಆಂಟಿ. ಹೆಂಗಾದ್ರೂ ಹೊಟ್ಟೆಗೆ ಹೋಗಲೇಬೇಕು." ಸೂಜಿಯಿಲ್ಲದ ಸಿರಿಂಜ್ ಕೊಟ್ಟು, ನೀರಾಗಿಸಿದ ಊಟವನ್ನು ಕೆನ್ನೆಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಬಿಡಲು ಹೇಳಿದಳು.

ಮತ್ತೆ ಅದೇ ಲೋಟ, ಅದೇ ಕಲಸುವಿಕೆ. ಟವೆಲ್ಲಿನಲ್ಲಿ ಸುತ್ತಿದ ಬೆಕ್ಕನ್ನು ಮಡಿಲಲ್ಲಿ ಹಿಡಿದು ಕೂರುವಳು. ಅರ್ಧ ಒಳಗೆ, ಅರ್ಧ ಅವಳ ಸೀರೆಯ ಮೇಲೆ. ನಾಲ್ಕನೆಯ ದಿನ ನೂಲು ತಲೆ ಕೊಡವಿ ಎಲ್ಲವನ್ನೂ ಉಗಿದಾಗ ಅವಳ ತಾಳ್ಮೆಯ ಕಟ್ಟೆಯೊಡೆಯಿತು.

"ತಿನ್ನಬೇಡ ಅಂದಾಗ ಕದ್ದು ಕದ್ದು ತಿಂದೆ. ಈಗ ತಿನ್ನು ಅಂದ್ರೆ ಉಗಿತೀಯ? ನಿನಗೆ ಎಲ್ಲ ಗೊತ್ತಿತ್ತು! ಈ ಮನೇಲಿ ನಿನಗೊಬ್ಬಳಿಗೇ ಗೊತ್ತಿತ್ತು. ದಿನಾ ಮಧ್ಯಾಹ್ನ ಅವರ ಕಾಲ ಬುಡದಲ್ಲಿ ಕೂತು, ಅವರ ಪಾಲಿನ ಒಂದೊಂದು ತುತ್ತೂ ನುಂಗಿದೆಯಲ್ಲ, ನನಗೆ ಒಂದು ಸಲ ಬಂದು ಹೇಳಬಾರದಿತ್ತೇನೇ? ಇಬ್ಬರೂ ಸೇರ್ಕೊಂಡು ನನಗೆ ಮೋಸ ಮಾಡಿದ್ರಿ. ಇಬ್ಬರೂ!"

ಬೆಕ್ಕು ಅವಳ ಮಡಿಲಿಂದ ಇಳಿದು ಹೋಗಲಿಲ್ಲ. ಅವಳು ಅದರ ಬೆನ್ನಿಗೆ ಮುಖವಿಟ್ಟು, ಅವನು ಹೋದ ದಿನವೂ ಅಳದಷ್ಟು ಅತ್ತಳು. ಮೇಲಿನಿಂದ ಟೀಚರ್ ಇಳಿದು ಬಂದು, ಅವಳ ಕೈಯಿಂದ ಸಿರಿಂಜ್ ತೆಗೆದುಕೊಂಡು, ಉಳಿದದ್ದನ್ನು ತಾವೇ ತಿನ್ನಿಸಿದರು.

ಹತ್ತು ಹನ್ನೆರಡು ದಿನ ಹೀಗೆ ನಡೆಯಿತು. ಒಂದು ಸಂಜೆ ಅವಳು ಬಟ್ಟೆ ಮಡಿಸುತ್ತಿದ್ದಾಗ ಹಿಂದಿನಿಂದ ಕಟುಮ್ ಕಟುಮ್ ಸದ್ದು ಕೇಳಿತು. ನೂಲು ಬಟ್ಟಲಿಗೆ ಬಾಯಿ ಹಾಕಿದ್ದಳು. ಯಾಕೆ ಅವತ್ತೇ, ಯಾಕೆ ಆ ಹೊತ್ತಿಗೇ, ಯಾರಿಗೆ ಗೊತ್ತು. ಬೆಕ್ಕಿಗೆ ಬದುಕಬೇಕೆನ್ನಿಸಿತು, ತಿಂದಿತು. ಅವಳಿಗೆ ಸಮಾಧಾನವಾಯಿತು. ಅದರ ಬೆನ್ನಿಗೇ, ಇಷ್ಟು ಬೇಗ ಮರೆತೆಯಾ ಎಂಬ ಸಿಟ್ಟೂ ಬಂತು. ಆ ಸಿಟ್ಟಿಗೆ ಅವಳಿಗೇ ನಾಚಿಕೆಯಾಯಿತು.

ಅಂಗಡಿ ನಡೆಯಿತು. ಅವಳಲ್ಲಿ ಒಂದೇ ಒಂದು ಬದಲಾವಣೆಯಾಯಿತು. ಸೊಂಟ ಹಿಡಿಸಲು ಯಾರೇ ಪ್ಯಾಂಟು ತಂದರೂ, ಟೇಪು ತೆಗೆಯುವ ಮೊದಲು ಕೇಳುವಳು: "ನೀವಾಗಿ ಇಳಿಸಿದ್ರಾ, ತಾನಾಗೇ ಇಳೀತಾ?" ಬಹಳ ಜನ ಜಿಮ್ಮು, ವಾಕಿಂಗು ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ಕೆಲವರು, ಹೊಲಿಯೋದು ಬಿಟ್ಟು ನಿಮಗ್ಯಾಕೆ ಈ ವಿಚಾರಣೆ ಅಂತ ಮುಖ ಗಂಟಿಕ್ಕುತ್ತಿದ್ದರು. ಒಬ್ಬ ಬಸ್ ಡ್ರೈವರ್ ಮಾತ್ರ "ತಾನಾಗೇ" ಅಂದ. ಅವಳು ಅವನ ಪ್ಯಾಂಟನ್ನು ವಾಪಸ್ ಕೈಗಿಟ್ಟಳು. "ಮೊದಲು ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ ಅಣ್ಣ. ಆಮೇಲೆ ಹಿಡಿದು ಕೊಡ್ತೀನಿ. ಮನೇಲಿ ಇವತ್ತೇ ಹೇಳಿ." ಅವನು ಆಮೇಲೆ ಬರಲಿಲ್ಲ. ಏನಾಯಿತೋ ಅವಳಿಗೆ ತಿಳಿಯಲಿಲ್ಲ.

ಅವನು ಹೋಗಿ ವರ್ಷ ತುಂಬುವ ಮುಂಚೆ ನೂಲನ್ನು ಮತ್ತೆ ತೂಗಿಸಲು ಕರೆದುಕೊಂಡು ಹೋದಳು. ಡಾಕ್ಟರ್ ಹುಡುಗಿ ತಕ್ಕಡಿಯ ಅಂಕಿ ನೋಡಿ ಚಪ್ಪಾಳೆ ತಟ್ಟಿದಳು. "ನಾಲ್ಕೂವರೆ! ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಇಷ್ಟು ಚೆನ್ನಾಗಿ ಇಳಿಸಿದವರು ನನ್ನ ಹತ್ರ ಬರೋರಲ್ಲಿ ಯಾರೂ ಇಲ್ಲ ಆಂಟಿ. ಹೆಂಗೆ ಮಾಡಿದ್ರಿ?"

"ನಾವಿಬ್ಬರೂ ಸೇರಿ ಮಾಡಿದ್ವಿ" ಅಂದಳು ಅವಳು. ಹುಡುಗಿಯ ನಗು ಮುಖದಲ್ಲೇ ನಿಂತುಹೋಯಿತು. ಅವಳಿಗೂ ಎಲ್ಲ ಗೊತ್ತಿತ್ತು.

ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಬುಟ್ಟಿಯನ್ನು ಪಕ್ಕಕ್ಕಿಟ್ಟಳು. ಇಳಿಯಿತು ಅಂತ ಮನೆಗೆ ಹೋಗಿ ಹೇಳಬೇಕು ಅನ್ನಿಸಿತು. ಆಮೇಲೆ, ಹೇಳುವುದು ಯಾರಿಗೆ ಅನ್ನಿಸಿತು. ತಡೆಯಲಾಗಲಿಲ್ಲ. ಅಷ್ಟು ಜನರ ನಡುವೆ, ಮುಖ ಕೂಡ ಮುಚ್ಚಿಕೊಳ್ಳದೆ ಅತ್ತಳು.

ಪಕ್ಕದಲ್ಲಿ ಕಾಲು ಮುರಿದ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಅಜ್ಜಿ ಕೂತಿದ್ದಳು. ಬುಟ್ಟಿಯ ಕಡೆ ನೋಡಿ, ಅವಳ ಭುಜದ ಮೇಲೆ ಕೈಯಿಟ್ಟಳು.

"ಹೋಗಿಬಿಡ್ತೇನಮ್ಮ?"

"ಇಲ್ಲಜ್ಜಿ. ಚೆನ್ನಾಗಿದೆ. ಪೂರ್ತಿ ಚೆನ್ನಾಗಿದೆ ಅಂದ್ರು."

"ಮತ್ಯಾಕೆ ಅಳ್ತೀಯ?"

ಅವಳು ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಅಜ್ಜಿ ಮತ್ತೆ ಕೇಳಲಿಲ್ಲ, ಭುಜದ ಮೇಲಿನ ಕೈಯನ್ನೂ ತೆಗೆಯಲಿಲ್ಲ. ಒಳಗಿನಿಂದ ಅಜ್ಜಿಯ ನಾಯಿಯ ಸರದಿ ಕರೆಯುವವರೆಗೂ ಇಬ್ಬರೂ ಹಾಗೆಯೇ ಕೂತಿದ್ದರು. ಬುಟ್ಟಿಯೊಳಗೆ ನೂಲು ಊಟದ ಹೊತ್ತಾಯಿತೆಂದು ಕೂಗತೊಡಗಿದ್ದಳು.